ಶಾಂತಿ ಕಾಯಲು ಹೋದ ಸೇನೆ ಯುದ್ಧಕ್ಕೆ ಇಳಿದದ್ದು ಹೇಗೆ?

1987ರ ಜೂನ್ 4ರ ಮಧ್ಯಾಹ್ನ ಬೆಂಗಳೂರಿನಿಂದ ಐದು ಎಎನ್-32 ವಿಮಾನಗಳು ಮೇಲೇರಿದವು. ಒಳಗೆ ಸುಮಾರು 25 ಟನ್ ಆಹಾರ ಮತ್ತು ಪರಿಹಾರ ಸಾಮಗ್ರಿ. ಕಾವಲಿಗೆ ಮಿರಾಜ್ ಯುದ್ಧವಿಮಾನಗಳು. ಉತ್ತರ ಶ್ರೀಲಂಕಾದ ತಮಿಳರ ಊರು ಜಾಫ್ನಾದ ಮೇಲೆ ಪ್ಯಾರಾಚೂಟ್ ಕಟ್ಟಿದ ಮೂಟೆಗಳನ್ನು ಇಳಿಸಿ ಅವು ವಾಪಸ್ ಬಂದವು. ಹಿಂದಿನ ದಿನ ಇಂಥದೇ ಸಾಮಗ್ರಿ ಹೊತ್ತು ಹೋಗಿದ್ದ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ಸಮುದ್ರದಲ್ಲೇ ತಡೆದು ತಿರುಗಿಸಿತ್ತು. ಹಾಗಾಗಿ ವಿಮಾನ. ಈ ಕಾರ್ಯಾಚರಣೆಗೆ ಇಟ್ಟ ಹೆಸರು ಪೂಮಾಲೈ, ಅಂದರೆ ಹೂಮಾಲೆ.

ಎರಡು ತಿಂಗಳು ತುಂಬುವ ಮೊದಲೇ ಭಾರತದ ಸೇನೆ ಅದೇ ನೆಲದಲ್ಲಿ ಕಾಲಿಟ್ಟಿತ್ತು. ಅಕ್ಟೋಬರ್ ಹೊತ್ತಿಗೆ, ಅನ್ನ ಇಳಿಸಿದ ಊರಿನ ಬೀದಿಗಳಲ್ಲೇ ಯುದ್ಧ ಮಾಡುತ್ತಿತ್ತು.

ಶ್ರೀಲಂಕಾದ ಜಗಳ ಹಳೆಯದು. 1948ರಲ್ಲಿ ಸ್ವಾತಂತ್ರ್ಯ ಬಂದ ವರ್ಷವೇ ಹೊಸ ಪೌರತ್ವ ಕಾಯ್ದೆಯಿಂದ ಚಹಾ ತೋಟಗಳ ಲಕ್ಷಾಂತರ ತಮಿಳರು ಯಾವ ದೇಶಕ್ಕೂ ಸೇರದವರಾದರು. 1956ರಲ್ಲಿ ಸಿಂಹಳ ಒಂದೇ ಅಧಿಕೃತ ಭಾಷೆ ಎಂಬ ಕಾನೂನು ಬಂತು. 1970ರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶದ ನಿಯಮ ಬದಲಾಯಿತು, ತಮಿಳು ಹುಡುಗರು ಜಾಸ್ತಿ ಅಂಕ ತೆಗೆದರೂ ಸೀಟು ಕಳೆದುಕೊಂಡರು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97 ಸಾವಿರ ಪುಸ್ತಕಗಳು, ಓಲೆಗರಿಗಳು ಬೂದಿಯಾದವು. 1983ರ ಜುಲೈನಲ್ಲಿ, ತಮಿಳರಿಗೆ ಪ್ರತ್ಯೇಕ ದೇಶ ಬೇಕೆಂದು ಬಂದೂಕು ಹಿಡಿದಿದ್ದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳು, ಹೊಂಚು ಹಾಕಿ 13 ಸೈನಿಕರನ್ನು ಕೊಂದರು. ಅದರ ಬೆನ್ನಿಗೇ ಕೊಲಂಬೊದಲ್ಲಿ ಸಿಂಹಳ ಗುಂಪುಗಳು ತಮಿಳರನ್ನು ಮನೆಮನೆಯಿಂದ ಎಳೆದು ಕೊಂದರು. ಒಳಯುದ್ಧ ಶುರುವಾದದ್ದು ಅಲ್ಲಿಂದ ಅನ್ನುತ್ತಾರೆ. ನನಗೆ ಕೇಳಿದರೆ, 1956ರಿಂದಲೇ ಅದಕ್ಕೆ ಸೌದೆ ಒಟ್ಟುತ್ತಾ ಬಂದಿದ್ದರು.

ಭಾರತದ ಪಾತ್ರವನ್ನೂ ನೇರವಾಗಿ ಹೇಳಬೇಕು. 1983ರ ನಂತರ ತಮಿಳು ಹೋರಾಟಗಾರರ ಗುಂಪುಗಳಿಗೆ ಭಾರತದ ನೆಲದಲ್ಲೇ ಶಸ್ತ್ರಾಸ್ತ್ರ ತರಬೇತಿ ಸಿಕ್ಕಿತು. ಅದರ ಹಿಂದೆ ನಮ್ಮ ಗುಪ್ತಚರ ಸಂಸ್ಥೆ ರಾ ಇತ್ತು. ಮುಂದೆ ನಮ್ಮ ಜವಾನರು ಎದುರಿಸಿದ ಕೆಲವರಿಗೆ ಬಂದೂಕು ಹಿಡಿಯಲು ಕಲಿಸಿದವರು ನಾವೇ.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜೆ.ಆರ್. ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಸದ್ಯಕ್ಕೆ ಒಂದು ಮಾಡುವುದು, ಅಧಿಕಾರ ಹಂಚುವುದು, ಹೋರಾಟಗಾರರು ಆಯುಧ ಒಪ್ಪಿಸುವುದು, ಇದಕ್ಕೆಲ್ಲ ಭಾರತ ಜಾಮೀನು ನಿಲ್ಲುವುದು. ಜೊತೆಗೆ ವಿನಿಮಯವಾದ ಪತ್ರಗಳಲ್ಲಿ ಇನ್ನೊಂದು ವಿಷಯ ಇತ್ತು: ಟ್ರಿಂಕೋಮಲಿ ಬಂದರನ್ನು ಭಾರತದ ಹಿತಕ್ಕೆ ಧಕ್ಕೆ ತರುವಂತೆ ಯಾವ ದೇಶಕ್ಕೂ ಕೊಡಬಾರದು. ತಮಿಳರ ಮೇಲಿನ ಕಾಳಜಿ ಮತ್ತು ಹಿಂದೂ ಮಹಾಸಾಗರದ ಲೆಕ್ಕಾಚಾರ, ಎರಡೂ ಒಂದೇ ದಿನ ಕಾಗದದ ಮೇಲೆ ಬಂದವು.

ಆದರೆ ಆ ಕಾಗದದಲ್ಲಿ ಒಂದು ಸಹಿ ಇರಲಿಲ್ಲ. ಯುದ್ಧ ಮಾಡುತ್ತಿದ್ದ ಹುಲಿಗಳ ನಾಯಕ ಪ್ರಭಾಕರನ್ ಆ ದಿನ ದೆಹಲಿಯ ಅಶೋಕ ಹೋಟೆಲಿನಲ್ಲಿ ಕಾವಲಿನ ನಡುವೆ ಇದ್ದರು. ಎಲ್ಲ ಕೆಟ್ಟದ್ದು ಇಲ್ಲಿಂದಲೇ. ಬಂದೂಕು ಕೆಳಗಿಡಬೇಕಾದವರನ್ನು ಬಿಟ್ಟು, ಬಂದೂಕು ಕೆಳಗಿಡುವ ಒಪ್ಪಂದ ಆಗಿತ್ತು. ಸಿಂಹಳರಲ್ಲೂ ಸಿಟ್ಟು ಕುದಿಯುತ್ತಿತ್ತು. ಮರುದಿನ ಗೌರವ ವಂದನೆ ಸ್ವೀಕರಿಸುವಾಗ ಒಬ್ಬ ನಾವಿಕ ತನ್ನ ರೈಫಲ್ಲಿನ ಹಿಡಿಯಿಂದ ರಾಜೀವ್ ಅವರಿಗೆ ಹೊಡೆದ. ತಲೆ ತಗ್ಗಿಸಿದ್ದರಿಂದ ಬದುಕಿಕೊಂಡರು.

ಅದೇ ದಿನ, ಜುಲೈ 30ರಂದು, ಭಾರತೀಯ ಶಾಂತಿಪಾಲನಾ ಪಡೆ ಜಾಫ್ನಾ ಬಳಿಯ ಪಲಾಲಿಯಲ್ಲಿ ಇಳಿಯಿತು. ಜಾಫ್ನಾದ ಜನ ಹೂವು ಹಾರ ಹಿಡಿದು ಸ್ವಾಗತಿಸಿದರು. ಆಗಸ್ಟ್ 4ರಂದು ಸುತುಮಲೈನಲ್ಲಿ ಮಾತಾಡಿದ ಪ್ರಭಾಕರನ್, ಭಾರತವನ್ನು ಪ್ರೀತಿಸುತ್ತೇವೆ, ಆಯುಧಗಳನ್ನು ಅವರ ಕೈಗೆ ಕೊಡುತ್ತೇವೆ ಎಂದರು. ಒಪ್ಪಂದದ ಮೇಲೆ ನಂಬಿಕೆ ಇಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಒಂದಷ್ಟು ಆಯುಧ ಬಂತು. ಉಳಿದದ್ದು ಬರಲಿಲ್ಲ.

ಸೆಪ್ಟೆಂಬರ್ 15ರಂದು ಹುಲಿಗಳ ಪೈಕಿ ತಿಲೀಪನ್ ಎಂಬ ಯುವಕ ಐದು ಬೇಡಿಕೆ ಇಟ್ಟು ನಲ್ಲೂರಿನ ದೇವಸ್ಥಾನದ ಎದುರು ಉಪವಾಸ ಕೂತ. ಅನ್ನ ಬಿಡಿ, ನೀರನ್ನೂ ಮುಟ್ಟಲಿಲ್ಲ. 26ರಂದು ತೀರಿಕೊಂಡ. ಗಾಂಧಿಯ ದೇಶದ ಕಡೆಗೆ ಗುರಿ ಮಾಡಿ ಹೂಡಿದ ಉಪವಾಸ ಅದು, ಜಾಫ್ನಾದ ಮನಸ್ಸು ಅಲ್ಲೇ ಮುರಿಯಿತು. ಅಕ್ಟೋಬರ್ ಆರಂಭದಲ್ಲಿ ಸಮುದ್ರದಲ್ಲಿ 17 ಹುಲಿಗಳು ಶ್ರೀಲಂಕಾ ನೌಕಾಪಡೆಗೆ ಸಿಕ್ಕಿಬಿದ್ದರು. ಅವರನ್ನು ಕೊಲಂಬೊಗೆ ಒಯ್ಯಲು ಹೊರಟಾಗ ಸಯನೈಡ್ ನುಂಗಿದರು. 12 ಮಂದಿ ಸತ್ತರು. ಹುಲಿಗಳು ಪೂರ್ವದಲ್ಲಿ ಸಿಂಹಳ ನಾಗರಿಕರನ್ನು ಕೊಲ್ಲತೊಡಗಿದರು. ಅಕ್ಟೋಬರ್ 10ಕ್ಕೆ ಹುಲಿಗಳ ವಿರುದ್ಧ ಭಾರತೀಯ ಸೇನೆಯ ಆಪರೇಷನ್ ಪವನ್ ಶುರುವಾಯಿತು. ಸೇನೆ ಇಳಿದು ಆಗಿನ್ನೂ ಎರಡೂವರೆ ತಿಂಗಳೂ ಆಗಿರಲಿಲ್ಲ.

ಮರುದಿನದ ರಾತ್ರಿ ಹುಲಿಗಳ ನಾಯಕರನ್ನು ಹಿಡಿಯಲು ಜಾಫ್ನಾ ವಿಶ್ವವಿದ್ಯಾಲಯದ ಬಯಲಿಗೆ ಹೆಲಿಕಾಪ್ಟರುಗಳಲ್ಲಿ ಜವಾನರನ್ನು ಇಳಿಸಿದರು. ಹುಲಿಗಳಿಗೆ ಸುದ್ದಿ ಮೊದಲೇ ಸಿಕ್ಕಿತ್ತು. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜವಾನರು ಒಂಟಿಯಾಗಿ ಉಳಿದರು, ಹಿಂದೆ ಬರಬೇಕಿದ್ದವರು ಇಳಿಯಲಾಗಲಿಲ್ಲ. 29 ಮಂದಿ ಸತ್ತರು, ಒಬ್ಬರು ಸೆರೆ ಸಿಕ್ಕರು. ಈ ಲೆಕ್ಕವನ್ನು ಎಷ್ಟು ಸಲ ಓದಿದರೂ ನನಗೆ ಮನಸ್ಸು ಭಾರವಾಗುತ್ತದೆ.

ಅಕ್ಟೋಬರ್ 21ರಂದು ದೀಪಾವಳಿ. ಆ ದಿನ ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದರು. ರೋಗಿಗಳು, ನರ್ಸುಗಳು, ವೈದ್ಯರು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿಂದ ಹುಲಿಗಳು ಗುಂಡು ಹಾರಿಸಿದರು, ಜನ ನಡುವೆ ಸಿಕ್ಕಿಬಿದ್ದರು ಎಂದು ಸೇನೆಯ ಕಡೆಯವರು ಹೇಳಿದರು. ಬದುಕಿ ಉಳಿದವರು ಹೇಳಿದ್ದು ಬೇರೆ: ಕೈ ಮೇಲೆತ್ತಿದವರನ್ನೂ ಕೊಂದರು. ಜವಾನರ ಬಲಿದಾನವನ್ನು ನೆನೆಯುವವರು ಈ ಆಸ್ಪತ್ರೆಯನ್ನೂ ನೆನೆಯಬೇಕು ಅಲ್ವಾ?

ಜಾಫ್ನಾ ಕೈಗೆ ಬಂತು, ಹುಲಿಗಳು ಕಾಡಿಗೆ ಹೋದರು. ಪಡೆಯ ಸಂಖ್ಯೆ 70 ಸಾವಿರ ದಾಟಿತು. ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರ ನವೆಂಬರ್ 25ರಂದು ಮಡಿದರು, ಅವರಿಗೆ ಪರಮವೀರ ಚಕ್ರ ಸಂದಿತು. ಇತ್ತ ಶ್ರೀಲಂಕಾದ ದಕ್ಷಿಣದಲ್ಲಿ ಸಿಂಹಳರ ಎಡಪಂಥೀಯ ಪಕ್ಷ ಜೆವಿಪಿ ಭಾರತದ ವಿರುದ್ಧವೇ ಜನರನ್ನು ಎಬ್ಬಿಸಿ ದಂಗೆ ಎದ್ದಿತು. 1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ, ಪಡೆ ಜುಲೈ ಕೊನೆಗೆ ಹೊರಡಬೇಕೆಂದರು. ಹುಲಿಗಳ ಜೊತೆ ಮಾತಿಗೆ ಕೂತರು, ಭಾರತದ ಸೇನೆಯ ವಿರುದ್ಧ ಬಳಸಲು ಅವರಿಗೆ ಆಯುಧವನ್ನೂ ಕೊಟ್ಟರು. ಕರೆದ ಸರ್ಕಾರವೇ ಶತ್ರುವಿಗೆ ಗುಂಡು ಕೊಟ್ಟರೆ ಸೈನಿಕ ಯಾರ ಪರ ನಿಲ್ಲಬೇಕು?

ದೆಹಲಿಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ ವಾಪಸಾತಿ ಚುರುಕಾಯಿತು. 1990ರ ಮಾರ್ಚ್ 24ರಂದು ಕೊನೆಯ ಹಡಗು ಟ್ರಿಂಕೋಮಲಿ ಬಿಟ್ಟಿತು. 1,100ಕ್ಕೂ ಹೆಚ್ಚು ಜವಾನರು ಹಿಂತಿರುಗಲಿಲ್ಲ. ಬಂದವರನ್ನು ಮದ್ರಾಸಿನಲ್ಲಿ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದು ಬಂದ ಪಡೆ ಎಂಬ ಭಾವನೆ ತಮಿಳುನಾಡಿನಲ್ಲಿ ಅಷ್ಟು ಗಟ್ಟಿಯಾಗಿತ್ತು.

1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯನ್ನು ಹುಲಿಗಳು ಕೊಂದರು. ಆಗಸ್ಟಿನಲ್ಲಿ ಸಂಚಿನ ಮುಖ್ಯ ಆರೋಪಿ ಶಿವರಸನ್ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತು ಸಿಕ್ಕ. 1993ರ ಮೇ 1ರಂದು ಪ್ರೇಮದಾಸ ಕೂಡ ಆತ್ಮಹತ್ಯಾ ಬಾಂಬಿಗೆ ಬಲಿಯಾದರು. ಯುದ್ಧ ಮುಗಿದದ್ದು 2009ರ ಮೇನಲ್ಲಿ.

ಒಪ್ಪಂದದಿಂದ ಉಳಿದದ್ದು ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿ. ಅದು ಹೇಳಿದ ಭೂಮಿ ಮತ್ತು ಪೊಲೀಸ್ ಅಧಿಕಾರ ಪ್ರಾಂತ್ಯಗಳ ಕೈಗೆ ಪೂರ್ತಿ ಬರಲೇ ಇಲ್ಲ. ಒಂದಾಗಿದ್ದ ಉತ್ತರ ಮತ್ತು ಪೂರ್ವವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಬೇರೆ ಮಾಡಿತು. ಉತ್ತರ ಪ್ರಾಂತ್ಯದ ಮಂಡಳಿಗೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. ಅದರ ಅವಧಿ 2018ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.