ಘಟ್ಟ ದಾಟದೆ ಆನ್‌ಲೈನ್ ಥೆರಪಿ: ವಾರಕ್ಕೆ ಐವತ್ತು ನಿಮಿಷ

ಚಿಕಿತ್ಸೆಗೆಂದು ಹೋಗುವ ಹುಬ್ಬಳ್ಳಿ ಶಿರಸಿಯಿಂದ 100 ಕಿಲೋಮೀಟರಿನ ಆಸುಪಾಸು. ಕಾರವಾರದಿಂದಾದರೆ 160 ದಾಟುತ್ತದೆ. ಕಣ್ಣಿನ ಪೊರೆ ತೆಗೆಸುವುದಿದ್ದರೆ ಒಮ್ಮೆ ಹೋಗಿ, ಇನ್ನೊಂದೆರಡು ಸಲ ತೋರಿಸಿಕೊಂಡು ಬಂದರೆ ಮುಗಿಯಿತು. ಮನೋಚಿಕಿತ್ಸೆಯ ಲೆಕ್ಕ ಬೇರೆ. ಖಿನ್ನತೆ, ಗಾಬರಿ, ಗೀಳು ಇಂಥ ತೊಂದರೆಗಳಿಗೆ ಕೊಡುವ ಮಾತಿನ ಚಿಕಿತ್ಸೆ, ಅಂದರೆ ಥೆರಪಿ, ವಾರಕ್ಕೊಮ್ಮೆ 45–50 ನಿಮಿಷದಂತೆ ಸಾಮಾನ್ಯವಾಗಿ 8ರಿಂದ 16 ವಾರ ನಡೆಯುತ್ತದೆ. ಈಜು ಕಲಿತ ಹಾಗೆ ಇದು. ಹೇಳಿಸಿಕೊಂಡದ್ದನ್ನು ಆ ವಾರವೆಲ್ಲ ಮಾಡಿ ನೋಡಬೇಕು, ಮುಂದಿನ ವಾರ ತಪ್ಪು ತಿದ್ದಿಸಿಕೊಳ್ಳಬೇಕು. ಐವತ್ತು ನಿಮಿಷದ ಮಾತಿಗೆ ಬೆಳಗಿನ ಮೊದಲ ಬಸ್ಸು ಹಿಡಿದು ಕತ್ತಲಾದ ಮೇಲೆ ಮನೆ ಸೇರುವುದನ್ನು ಯಾರಾದರೂ ಎಷ್ಟು ವಾರ ಮಾಡಿಯಾರು? ಕೂಲಿ ಹೋಗುತ್ತದೆ, ರಜೆ ಮುಗಿಯುತ್ತದೆ, ಅಡಿಕೆ ಕೊನೆಕೊಯ್ಲಿನ ದಿನ ಮನೆ ಬಿಡಲಾಗುವುದಿಲ್ಲ. ಮೂರನೆಯದೋ ನಾಲ್ಕನೆಯದೋ ಭೇಟಿಗೆ ಚಿಕಿತ್ಸೆ ನಿಂತುಹೋಗುತ್ತದೆ. ನಿಂತದ್ದು ದಾರಿ ದೂರವಾದ್ದರಿಂದ, ಆದರೆ ಮನೆಯವರೂ ರೋಗಿಯೂ ‘ಥೆರಪಿ ನಮಗೆ ಹಿಡಿಸಲಿಲ್ಲ’ ಅಂದುಕೊಳ್ಳುತ್ತಾರೆ.

ಆನ್‌ಲೈನ್ ಥೆರಪಿಯ ಮೊದಲ ಲಾಭ ಇಲ್ಲಿದೆ. ಬಸ್ಸಿನ ದುಡ್ಡು ಉಳಿಯುವುದು ಸಣ್ಣ ಮಾತು, ವಾರ ತಪ್ಪದಿರುವುದು ದೊಡ್ಡದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಅಂಥ ದುರಂತದ ನಂತರ ಜನರಿಗೆ ನಿದ್ದೆ, ನೆಮ್ಮದಿ ಕೆಡುವುದು ಸಹಜ. ನೆರವು ಅತಿ ಹೆಚ್ಚು ಬೇಕಾದ ಆ ಹೊತ್ತಿಗೇ ರಸ್ತೆ ಇರುವುದಿಲ್ಲ.

ಪರದೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ 1959ರಲ್ಲೇ ಎರಡೂ ಕಡೆಯವರು ಪರಸ್ಪರ ಕಾಣುವಂಥ ಟಿವಿ ಜೋಡಣೆಯಲ್ಲಿ ಗುಂಪು ಚಿಕಿತ್ಸೆ ನಡೆಸಿದ್ದರು. 1964ರಲ್ಲಿ ಅದನ್ನು 112 ಮೈಲಿ ಆಚೆಯ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಜೋಡಿಸಿದರು. ಕಾರವಾರದಿಂದ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಆಗ ಇಡೀ ಆಸ್ಪತ್ರೆಗೊಂದು ಇದ್ದ ಸಲಕರಣೆ ಈಗ ಅಂಗಿ ಜೇಬಿನಲ್ಲಿದೆ.

ಎದುರು ಕೂತು ಆಡಿದ ಮಾತಿನಷ್ಟು ಇದಕ್ಕೆ ಕಸುವಿದೆಯೇ ಎಂದು ಕೇಳುವುದು ನ್ಯಾಯವೇ. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಅಂತರ್ಜಾಲದ ಮೂಲಕ ಕೊಟ್ಟ ಸಿಬಿಟಿಯನ್ನೂ (ಯೋಚನೆ ಮತ್ತು ನಡವಳಿಕೆಯ ಜಾಡು ತಿದ್ದುವ ಚಿಕಿತ್ಸೆ) ಎದುರು ಕೂತು ಕೊಟ್ಟ ಸಿಬಿಟಿಯನ್ನೂ ಹೋಲಿಸಿದ 20 ಅಧ್ಯಯನಗಳನ್ನು, 1,418 ಜನರ ಫಲಿತಾಂಶವನ್ನು ಒಟ್ಟುಹಾಕಿ ನೋಡಿತು. ಎರಡರ ನಡುವೆ ಗಣನೆಗೆ ಬರುವ ವ್ಯತ್ಯಾಸ ಸಿಗಲಿಲ್ಲ. ಆದರೆ ಒಂದು ಷರತ್ತು ಮರೆಯಬಾರದು: ಅವು ಥೆರಪಿಸ್ಟ್ ಒಬ್ಬರ ಮಾರ್ಗದರ್ಶನ ಇದ್ದ ಚಿಕಿತ್ಸೆಗಳು. ಯಾರೂ ವಿಚಾರಿಸದ, ತಾನೇ ಓದಿ ತಾನೇ ಮಾಡಿಕೊಳ್ಳುವ ಆ್ಯಪ್‌ಗಳನ್ನು ಜನ ಅರ್ಧಕ್ಕೇ ಬಿಡುವುದು ಹೆಚ್ಚು, ಫಲವೂ ಕಡಿಮೆ. ‘ಹೋದ ವಾರ ಏನು ಮಾಡಿದಿರಿ?’ ಎಂದು ಕೇಳುವ ಒಂದು ಜೀವ ಆಚೆ ಇರಬೇಕು.

ಇನ್ನು ಕೆಲವು ತೊಂದರೆಗಳಲ್ಲಿ ಕ್ಲಿನಿಕ್ಕಿಗಿಂತ ಮನೆಯೇ ಮೇಲು. ಗೀಳು ಕಾಯಿಲೆಯನ್ನೇ ತೆಗೆದುಕೊಳ್ಳಿ. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಹತ್ತಾರು ಸಲ ನೋಡುವವರೊಬ್ಬರು ಇದ್ದಾರೆ ಅಂದುಕೊಳ್ಳಿ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಅವರಿಗೆ ಆ ಕಾಟವೇ ಇರುವುದಿಲ್ಲ, ಯಾಕೆಂದರೆ ಅಲ್ಲಿ ಆ ಸಿಲಿಂಡರ್ ಇಲ್ಲ. ಆನ್‌ಲೈನ್‌ನಲ್ಲಿ ಥೆರಪಿಸ್ಟ್ ನೇರವಾಗಿ ಅಡುಗೆಮನೆಯಲ್ಲೇ ಇರುತ್ತಾರೆ. ಫೋನು ಕಪಾಟಿಗೆ ಒರಗಿದೆ, ಕಿವಿಯಲ್ಲಿ ಇಯರ್‌ಫೋನ್. ರೆಗ್ಯುಲೇಟರನ್ನು ಒಂದೇ ಸಲ ತಿರುಗಿಸಬೇಕು, ಕೈ ತೆಗೆಯಬೇಕು, ತಿರುಗಿ ನೋಡದೆ ಜಗುಲಿ ದಾಟಿ ಅಂಗಳಕ್ಕೆ, ಅಲ್ಲಿಂದ ದಣಪೆಯವರೆಗೆ ನಡೆಯಬೇಕು. ‘ಈಗ ತಳಮಳ ನೂರಕ್ಕೆ ಎಷ್ಟು?’ ‘ಎಂಬತ್ತು.’ ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ‘ಎಂಬತ್ತೈದು.’ ಮೊದಲು ಏರುವುದು ಸಾಮಾನ್ಯ. ಇಲ್ಲಿ ಹೆದರಿ ಒಳಗೆ ಓಡಿದರೆ ಗೀಳಿಗೇ ಗೆಲುವು. ಓಡದೆ ನಿಂತರೆ ಅಂಕಿ ನಿಧಾನಕ್ಕೆ ಇಳಿಯತೊಡಗುತ್ತದೆ. ಒಂದು ದಿನ ಇಳಿಯದಿದ್ದರೂ ನಷ್ಟವಿಲ್ಲ, ತಳಮಳ ಇಟ್ಟುಕೊಂಡೂ ನಿಲ್ಲಬಹುದು ಎಂಬುದು ಮಿದುಳಿಗೆ ಗೊತ್ತಾದರೆ ಆ ದಿನದ ಪಾಠ ಆಯಿತು.

ಇದೇ ಹೊತ್ತಿನಲ್ಲಿ ಇನ್ನೊಂದು ಸಂಗತಿ ಕ್ಯಾಮೆರಾದಲ್ಲಿ ಸಿಗುತ್ತದೆ. ‘ಅಮ್ಮಾ, ಗ್ಯಾಸ್ ಬಂದ್ ಮಾಡಿದೆ ಅಲ್ವಾ?’ ಎಂದು ಗೀಳಿರುವ ಮಗಳು ಕೇಳುತ್ತಾಳೆ, ಒಳಗಿನಿಂದ ‘ಆಯ್ತು ಮಗಾ, ನಾನೇ ನೋಡಿದೆ’ ಎಂಬ ಉತ್ತರ ಬರುತ್ತದೆ. ತಾಯಿಯ ಆ ಒಂದು ಸಮಾಧಾನದ ಮಾತೇ ಗೀಳಿಗೆ ದಿನದಿನದ ಊಟ. ಕ್ಲಿನಿಕ್ಕಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಹೇಳುವಂಥದ್ದೆಂದು ಅವರಿಗೆ ತೋರುವುದೂ ಇಲ್ಲ. ಮನೆಯಲ್ಲಿ ಅದು ತಾನಾಗಿ ಕಾಣಿಸುತ್ತದೆ. ಮುಂದಿನ ಸೆಷನ್‌ನಲ್ಲಿ ತಾಯಿಯನ್ನೂ ಹತ್ತು ನಿಮಿಷ ಕೂರಿಸಿಕೊಂಡು, ‘ಅದಕ್ಕೆ ನಾನು ಉತ್ತರ ಕೊಡುವುದಿಲ್ಲ ಮಗಾ, ನೀನು ತಡೆದುಕೊಳ್ಳಬಲ್ಲೆ’ ಎಂದು ಹೇಳುವುದನ್ನು ರೂಢಿ ಮಾಡಿಸಬಹುದು.

ನಿದ್ದೆಯ ಚಿಕಿತ್ಸೆಯೂ ಆನ್‌ಲೈನ್‌ಗೆ ಚೆನ್ನಾಗಿ ಒಗ್ಗುತ್ತದೆ. ಎರಡು ವಾರ ನಿದ್ದೆಯ ಡೈರಿ ಬರೆಸುತ್ತಾರೆ: ಮಲಗಿದ್ದು, ನಿದ್ದೆ ಹತ್ತಿದ್ದು, ಎದ್ದದ್ದು. ಎಂಟು ಗಂಟೆ ಹಾಸಿಗೆಯಲ್ಲಿದ್ದು ನಿದ್ದೆ ಐದೂವರೆಯೇ ಆಗಿದ್ದರೆ, ಹಾಸಿಗೆಯ ಹೊತ್ತನ್ನೇ ಐದೂವರೆಗೆ ಇಳಿಸುತ್ತಾರೆ. ಐದು ಗಂಟೆಗಿಂತ ಕೆಳಗೆ ಒಯ್ಯುವುದಿಲ್ಲ. ಹಾಸಿಗೆಯಲ್ಲಿದ್ದ ಸಮಯದಲ್ಲಿ ನೂರಕ್ಕೆ 85 ಪಾಲು ನಿದ್ದೆಯೇ ಆದಾಗ ವಾರಕ್ಕೆ ಹದಿನೈದು ನಿಮಿಷದಂತೆ ಹೊತ್ತು ಹೆಚ್ಚಿಸುತ್ತಾರೆ. ಮೊದಲ ವಾರ ಹಗಲು ತೂಕಡಿಕೆ ಬರುತ್ತದೆ, ಹಾಗಾಗಿ ಆ ದಿನಗಳಲ್ಲಿ ಘಟ್ಟದ ರಸ್ತೆಯಲ್ಲಿ ವಾಹನ ಓಡಿಸಬಾರದು. ಮೂರ್ಛೆರೋಗ ಅಥವಾ ಬೈಪೋಲಾರ್ (ಅತಿ ಹುರುಪು, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಊರು ಸಣ್ಣದಿದ್ದಷ್ಟೂ ಗುಟ್ಟು ಉಳಿಯುವುದು ಕಷ್ಟ. ಮನೋವೈದ್ಯರ ಬಾಗಿಲಲ್ಲಿ ಕೂತವರನ್ನು ಯಾರೋ ನೋಡುತ್ತಾರೆ, ಸಂಜೆಯೊಳಗೆ ‘ಅವರ ಮನೆ ಹುಡುಗನಿಗೆ ತಲೆ ಸರಿ ಇಲ್ಲವಂತೆ’ ಎಂಬ ಮಾತು ಪೇಟೆ ಸುತ್ತುತ್ತದೆ. ಈ ಭಯಕ್ಕೇ ವರ್ಷಗಟ್ಟಲೆ ನರಳುವವರು ಇದ್ದಾರೆ. ಅವರಿಗೆ ಆನ್‌ಲೈನ್ ದೊಡ್ಡ ಬಿಡುಗಡೆ. ಭಾಷೆಯದೂ ಹಾಗೆಯೇ. ಕಾರವಾರದ ಕಡೆ ಮನೆಮಾತು ಕೊಂಕಣಿ ಆದವರು ಬೇಕಾದಷ್ಟು. ವ್ಯವಹಾರದ ಮಾತನ್ನು ಯಾವ ಭಾಷೆಯಲ್ಲಾದರೂ ಆಡಬಹುದು, ಅಳು ಬರುವುದು ಮನೆಮಾತಿನಲ್ಲೇ. ಆ ಭಾಷೆಯ ಥೆರಪಿಸ್ಟ್ ನಮ್ಮ ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಹುಡುಕಿಕೊಳ್ಳಲು ಈಗ ಅವಕಾಶವಿದೆ.

ಕೆಡುವುದು ಹೇಗೆ ಎಂದೂ ಗೊತ್ತಿರಬೇಕು. ಸಹಜ ಮಾತುಕತೆಯಲ್ಲಿ ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸುಮಾರು ಸೆಕೆಂಡಿನ ಐದನೇ ಒಂದು ಪಾಲು. ನೆಟ್‌ವರ್ಕ್ ನಿಧಾನವಾಗಿ ಅದು ಒಂದು ಸೆಕೆಂಡ್ ಆದರೆ, ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. ಕೇಳುವವರು ಮನಸ್ಸಿಟ್ಟು ಕೇಳುತ್ತಿಲ್ಲ ಎಂಬ ಭಾವನೆ ಬರುತ್ತದೆ. ದೋಷ ಟವರಿನದು, ಮುನಿಸು ಥೆರಪಿಸ್ಟ್ ಮೇಲೆ. ಹಾಗಾಗಿ ಚಿತ್ರಕ್ಕಿಂತ ಧ್ವನಿ ಮುಖ್ಯ. ಚಿತ್ರ ಒಡೆಯತೊಡಗಿದ ಕೂಡಲೇ ವಿಡಿಯೊ ಬಂದ್ ಮಾಡಿ ಧ್ವನಿಯನ್ನಷ್ಟೇ ಉಳಿಸಿಕೊಳ್ಳಿ. ಬ್ಲೂಟೂತ್ ಇಯರ್‌ಫೋನ್ ತಾನೇ ಒಂದಿಷ್ಟು ತಡ ಸೇರಿಸುತ್ತದೆ. ತಂತಿ ಇರುವ ಅಗ್ಗದ್ದೇ ವಾಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುವ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾದಾ ಫೋನ್ ಕರೆಯ ಥೆರಪಿಯನ್ನೇ ಮೊದಲೇ ಮಾತಾಡಿಕೊಳ್ಳುವುದು ಜಾಣತನ. ಲ್ಯಾಂಡ್‌ಲೈನ್ ಇನ್ನೂ ಉಳಿದಿರುವ ಮನೆಗಳಿಗೆ ಅದೂ ಆದೀತು.

ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಪುಸ್ತಕಗಳ ಮೇಲೆ, ಕಣ್ಣಿನ ಮಟ್ಟಕ್ಕೆ, ಒಂದು ಮೊಳದಾಚೆ ಇಡಿ. ಬೆಳಕು ಮುಖದ ಮೇಲೆ ಬೀಳಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಣ್ಣೀರು ಆಚೆಯವರಿಗೆ ಕಾಣುವುದೇ ಇಲ್ಲ. ಪರದೆಯಲ್ಲಿ ನಿಮ್ಮದೇ ಮುಖ ಕಾಣುವುದನ್ನು ಮರೆಮಾಡಿ, ಇಲ್ಲದಿದ್ದರೆ ಐವತ್ತು ನಿಮಿಷ ಕನ್ನಡಿ ನೋಡಿಕೊಂಡೇ ದುಃಖ ಹೇಳಿಕೊಂಡಂತಾಗುತ್ತದೆ.

ನಾಲ್ಕು ಜನರಿರುವ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವುದು ಸುಲಭವಲ್ಲ ನಿಜ. ಬಾಗಿಲಾಚೆ ಫ್ಯಾನೋ ರೇಡಿಯೊವೋ ಹಾಕಿಟ್ಟರೆ ಮಾತು ಹೊರಗೆ ಬಿಡಿಸಿ ಕೇಳುವುದಿಲ್ಲ. ನೆಟ್‌ವರ್ಕ್ ಇದ್ದರೆ ತೋಟದ ಕಡೆ ಹೋಗಬಹುದು, ನಿಂತ ಕಾರಿನಲ್ಲಿ ಕೂರಬಹುದು. ಯಾರಾದರೂ ಹಠಾತ್ತನೆ ಬಂದರೆ ವಿಷಯ ಬದಲಿಸಲು ಒಂದು ಸಂಕೇತದ ಮಾತನ್ನು ಗೊತ್ತುಮಾಡಿಕೊಳ್ಳಿ: ‘ಅಡಿಕೆ ರೇಟ್ ಎಷ್ಟಾಯ್ತು?’ ಎಂದರೆ ಸಾಕು, ಥೆರಪಿಸ್ಟ್‌ಗೆ ಅರ್ಥವಾಗುತ್ತದೆ. ಆದರೆ ಹೊಡೆಯುವವರು ಅದೇ ಸೂರಿನಡಿ ಇದ್ದರೆ ಮನೆಯಿಂದ ಥೆರಪಿ ಬೇಡವೇ ಬೇಡ. ಬೇರೆ ಸುರಕ್ಷಿತ ಜಾಗ ಬೇಕು.

ಮೊದಲ ಸೆಷನ್‌ನಲ್ಲೇ ಒಳ್ಳೆಯ ಥೆರಪಿಸ್ಟ್ ಮೂರು ವಿವರ ಬರೆದುಕೊಳ್ಳುತ್ತಾರೆ: ನೀವು ಈಗ ಕೂತಿರುವ ಜಾಗದ ಪೂರ್ತಿ ವಿಳಾಸ, ಕರೆ ಕಡಿದರೆ ಹಚ್ಚಬೇಕಾದ ಇನ್ನೊಂದು ನಂಬರ್, ಹತ್ತಿರದ ಒಬ್ಬ ನಂಬಿಕಸ್ತರ ಹೆಸರು. ವಿಳಾಸ ಯಾಕೆಂದು ಹಲವರು ಅನುಮಾನ ಪಡುತ್ತಾರೆ. ‘ಬದುಕುವುದೇ ಬೇಡ’ ಎನ್ನುತ್ತಿರುವವರ ಕರೆ ನಡುವೆ ಕಡಿದರೆ, ಬೆಂಗಳೂರಿನಲ್ಲಿ ಕೂತವರು ಸಿದ್ದಾಪುರದ ಯಾವ ಮನೆಗೆ ಜನ ಕಳಿಸಬೇಕು? ಈ ವಿವರ ಕೇಳದವರನ್ನು ನಂಬುವ ಮೊದಲು ಎರಡು ಸಲ ಯೋಚಿಸಬೇಕು.

ಬಿರುದುಗಳನ್ನೂ ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಖ್ಯೆ ಕೇಳಿದರೆ ಹೇಳಬೇಕು. ಅವರು ಮಾತ್ರೆ ಬರೆಯುವಂತಿಲ್ಲ. ಬರೆಯುವವರು ಮನೋವೈದ್ಯರು, ಅವರ ಚೀಟಿಯ ಮೇಲೆ ವೈದ್ಯಕೀಯ ನೋಂದಣಿ ಸಂಖ್ಯೆ ಇರಬೇಕು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ಶೆಡ್ಯೂಲ್ ಎಕ್ಸ್‌ನ (ದುರ್ಬಳಕೆಯ ಭಯಕ್ಕೆ ಕಟ್ಟುನಿಟ್ಟಿನ ನಿಯಂತ್ರಣವಿರುವ ಪಟ್ಟಿ) ಔಷಧಗಳನ್ನು ಆನ್‌ಲೈನ್‌ನಲ್ಲಿ ಬರೆಯುವ ಹಾಗಿಲ್ಲ. ಥೆರಪಿ ಶುರುಮಾಡುವ ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿದ್ದೀರಾ ಎಂದು ಕೇಳುವವರು ಸಿಕ್ಕರೆ ಅದೃಷ್ಟ. ಥೈರಾಯ್ಡ್ ಮಂದವಾದಾಗಿನ ಆಯಾಸವನ್ನೂ ಬೇಸರವನ್ನೂ ಮಾತಿನಿಂದ ಇಳಿಸಲಾಗುವುದಿಲ್ಲ.

ಕೆಲವಕ್ಕೆ ಪರದೆ ಸಾಲದು, ಆಸ್ಪತ್ರೆಯೇ ಬೇಕು. ಇಲ್ಲದ ಧ್ವನಿಗಳು ಕೇಳುವುದು, ರಾತ್ರಿಗಟ್ಟಲೆ ನಿದ್ದೆಯಿಲ್ಲದೆಯೂ ಉಕ್ಕುವ ಅತಿ ಹುರುಪು, ಊಟ ನೀರು ಬಿಟ್ಟು ಮಲಗಿರುವುದು ಇಂಥವು. ದಿನವೂ ಕುಡಿಯುವವರು ಥೆರಪಿಯ ಹುಮ್ಮಸ್ಸಿನಲ್ಲಿ ಒಮ್ಮೆಗೇ ಬಿಡುವುದು ಅಪಾಯ: ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ನಡುಕ, ಗೊಂದಲ, ಭ್ರಮೆ ಹಿಡಿದು ಜೀವಕ್ಕೇ ಎರವಾಗಬಹುದು. ಸಾಯುವ ಯೋಚನೆ ಬಂದವರ ಮನೆಯಲ್ಲಿ ಕೀಟನಾಶಕಕ್ಕೂ ಮಾತ್ರೆಗಳಿಗೂ ಬೀಗ ಹಾಕಿ, ಬೀಗದಕೈ ಇನ್ನೊಬ್ಬರ ಹತ್ತಿರ ಇರಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. ಆ ಕ್ಷಣಕ್ಕೆ 14416, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ಜೋಡಿಸುತ್ತಾರೆ.

ಗುಣವಾಗುತ್ತಿದೆಯೇ ಎಂದು ತಿಳಿಯಲು ಅಂಕಿ ಇಡುವುದು ಒಳ್ಳೆಯದು. ಖಿನ್ನತೆಗೆ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ. ಒಂದೊಂದಕ್ಕೆ 0ಯಿಂದ 3, ಒಟ್ಟು 27. 10 ಮುಟ್ಟಿದರೆ ಗಮನ ಬೇಕು, 20 ಮುಟ್ಟಿದರೆ ತೀವ್ರ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಒಟ್ಟು ಎಷ್ಟೇ ಇರಲಿ ಅದೇ ದಿನ ಮಾತಾಡಬೇಕು. ಎರಡು ವಾರಕ್ಕೊಮ್ಮೆ ತುಂಬಿ ದಿನಾಂಕ ಹಾಕಿಡಿ. ಆರು ವಾರವಾದರೂ ಅಂಕಿ ಅಲ್ಲೇ ನಿಂತಿದ್ದರೆ ಥೆರಪಿಸ್ಟ್ ಜೊತೆ ಮುಚ್ಚುಮರೆಯಿಲ್ಲದೆ ಕೇಳಿ: ವಿಧಾನ ಬದಲಿಸಬೇಕೇ, ಔಷಧ ಜೊತೆಗೆ ಬೇಕೇ, ಬೇರೆಯವರನ್ನು ನೋಡಬೇಕೇ? ಈ ಪ್ರಶ್ನೆಗೆ ಮುನಿಸಿಕೊಳ್ಳದಿರುವುದು ಅವರ ವೃತ್ತಿಧರ್ಮ.

ಅಂಕಿ ಇಳಿದು ನಿಂತ ಮೇಲೆ ಸೆಷನ್‌ಗಳನ್ನು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾಡುತ್ತಾರೆ. ಕೊನೆಯ ಸೆಷನ್‌ನಲ್ಲಿ ಒಂದು ಹಾಳೆ ಬರೆಸುತ್ತಾರೆ: ಮತ್ತೆ ಕೆಡುತ್ತಿದೆ ಎನ್ನಲು ನನ್ನ ಮೂರು ಗುರುತು (ಮಾತು ಕಡಿಮೆಯಾಗುವುದು, ಸ್ನಾನ ಮುಂದೂಡುವುದು, ನಸುಕಿನ ಮೂರಕ್ಕೇ ಎಚ್ಚರವಾಗುವುದು), ಆಗ ಮೊದಲು ಮಾಡಬೇಕಾದ್ದು, ಯಾರಿಗೆ ಫೋನ್. ಫೋನಿನಲ್ಲಿ ಬರೆದಿಟ್ಟದ್ದು ನೂರು ಮೆಸೇಜ್‌ಗಳಡಿ ಹೂತುಹೋಗುತ್ತದೆ. ಕಪಾಟಿನ ಬಾಗಿಲ ಒಳಬದಿಗೆ, ಬಟ್ಟೆ ತೆಗೆಯುವಾಗ ದಿನವೂ ಕಣ್ಣಿಗೆ ಬೀಳುವ ಕಡೆ ಅಂಟಿಸಿ.