ಅಂಗಳದಲ್ಲಿ ನೆಲ ಕುಟ್ಟುವ ಜುಟ್ಟಿನ ಹಕ್ಕಿ ಮರಕುಟಿಗವೇ?

ಪ್ರಶ್ನೆ: ಉಡುಪಿಯ ನಮ್ಮ ಮನೆಯಂಗಳಕ್ಕೆ ಬೆಳಿಗ್ಗೆ ಜುಟ್ಟಿನ ಹಕ್ಕಿಯೊಂದು ಬಂದು ಒಂದೇ ಸಮನೆ ನೆಲ ಕುಟ್ಟುತ್ತದೆ. ಇದು ಮರಕುಟಿಗವೇ?

ಉತ್ತರ: ಅಲ್ಲ, ಅದು ಚಂದ್ರಮುಕುಟ. ನಮ್ಮ ತೆಂಗಿನ ತೋಟಗಳಲ್ಲಿ ಸಾಮಾನ್ಯವಾಗಿರುವ ಹೊಂಬೆನ್ನಿನ ಮರಕುಟಿಗಕ್ಕೂ ಜುಟ್ಟಿರುವುದರಿಂದ ಈ ಗೊಂದಲ ಸಹಜವೇ. ಆದರೆ ಮರಕುಟಿಗದ ಜುಟ್ಟು ಕೆಂಪು, ಕೊಕ್ಕು ಉಳಿಯಂತೆ ನೇರ. ಗಡುಸಾದ ಬಾಲವನ್ನು ಕಾಂಡಕ್ಕೆ ಆನಿಸಿಕೊಂಡು ಅದು ಮರವೇರುತ್ತದೆ. ಚಂದ್ರಮುಕುಟದ ಕೊಕ್ಕು ತೆಳುವಾಗಿ, ತುಸು ಕೆಳಕ್ಕೆ ಬಾಗಿರುತ್ತದೆ. ವಂಶದ ಲೆಕ್ಕದಲ್ಲಿ ಅದು ಮಂಗಟ್ಟೆ ಹಕ್ಕಿಗೆ ಹತ್ತಿರದ್ದು.

ಸುಮಾರು 30 ಸೆಂಟಿಮೀಟರ್ ಉದ್ದದ ಈ ಹಕ್ಕಿಯ ತಲೆ, ಎದೆಗಳು ಕಿತ್ತಳೆ ಬೆರೆತ ಕಂದು. ರೆಕ್ಕೆಗಳ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳು. ಜುಟ್ಟಿನ ಗರಿಗಳಿಗೆ ಕಪ್ಪು ತುದಿ. ಮಡಿಚಿದಾಗ ಅದು ತಲೆಯ ಹಿಂದೆ ಮೊನೆಯಂತೆ ಚಾಚಿಕೊಂಡಿರುತ್ತದೆ. ನೆಲಕ್ಕಿಳಿದ ಕ್ಷಣದಲ್ಲಿ ಅಥವಾ ಬೆದರಿದಾಗ ಬೀಸಣಿಗೆಯಂತೆ ಅರಳುತ್ತದೆ.

ನಿಮಗೆ ಕುಟ್ಟಿದಂತೆ ಕಂಡದ್ದು ವಾಸ್ತವದಲ್ಲಿ ಹುಡುಕಾಟ. ಹಕ್ಕಿ ಕೊಕ್ಕನ್ನು ಬುಡದವರೆಗೆ ಮಣ್ಣಿಗೆ ತೂರಿಸಿ, ಒಳಗೇ ಅದನ್ನು ತೆರೆಯುತ್ತದೆ. ಸುತ್ತಲಿನ ಮಣ್ಣನ್ನು ತಳ್ಳಿ ಬಾಯಿ ತೆರೆಯುವಷ್ಟು ಬಲವಾದ ಸ್ನಾಯುಗಳು ಅದಕ್ಕಿವೆ. ಸಿಕ್ಕಿದ ಜೀರುಂಡೆಯ ಮರಿಹುಳುವನ್ನೋ ಮಿಡತೆಯನ್ನೋ ಹೊರಗೆಳೆದು, ದೊಡ್ಡದಾದರೆ ನೆಲಕ್ಕೆ ಬಡಿದು ಕಾಲು ರೆಕ್ಕೆಗಳನ್ನು ಕಳಚುತ್ತದೆ. ನಾಲಿಗೆ ತೀರ ಗಿಡ್ಡವಾದ್ದರಿಂದ ಹುಳುವನ್ನು ಮೇಲಕ್ಕೆ ಚಿಮ್ಮಿ ಗಂಟಲಿಗೆ ಬೀಳಿಸಿಕೊಳ್ಳುತ್ತದೆ. ಈ ಚಿಮ್ಮುವಿಕೆಯನ್ನು ನೀವು ಖಂಡಿತ ಗಮನಿಸಬೇಕು, ಅಷ್ಟು ಸೊಗಸು.

ಗೂಡಿನ ಸಂಗತಿ ಇನ್ನೂ ವಿಶೇಷವಾದುದು. ಮರಕುಟಿಗದ ಹಾಗೆ ತಾನೇ ಮರ ಕೊರೆಯದೆ, ಇದು ಮರದ ಪೊಟರೆಯನ್ನೋ ಹಳೆಯ ಗೋಡೆಯ ಬಿರುಕನ್ನೋ ಆರಿಸಿಕೊಳ್ಳುತ್ತದೆ. ಹೆಣ್ಣೊಂದೇ ಕಾವು ಕೂರುತ್ತದೆ, ಗಂಡು ಆಹಾರ ತಂದುಕೊಡುತ್ತದೆ. ಆ ದಿನಗಳಲ್ಲಿ ಹೆಣ್ಣಿನ ಬಾಲದ ಬುಡದ ಗ್ರಂಥಿಯಿಂದ ಕೊಳೆತ ಮಾಂಸದಂತೆ ನಾರುವ ದ್ರವ ಸ್ರವಿಸುತ್ತದೆ. ಅದರಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಮೊಟ್ಟೆಗಳನ್ನು ಸೋಂಕಿನಿಂದ ಕಾಯುತ್ತವೆ. ಮೊಟ್ಟೆಯ ಚಿಪ್ಪಿನಲ್ಲಿ ಈ ದ್ರವವನ್ನು ಹಿಡಿದಿಡುವ ಸಣ್ಣ ಕುಳಿಗಳೇ ಇವೆ. ಮರಿಗಳೂ ಸುಮ್ಮನಿರುವುದಿಲ್ಲ: ಹಾವಿನಂತೆ ಬುಸುಗುಡುತ್ತವೆ, ಒಳನುಗ್ಗುವ ಶತ್ರುವಿನತ್ತ ಹಿಕ್ಕೆಯನ್ನು ಚಿಮ್ಮಿಸುತ್ತವೆ.

ಆದ್ದರಿಂದ ಮುರಕಲ್ಲಿನ ಹಳೆಯ ಗೋಡೆಯ ಸಂದಿನಿಂದ ದುರ್ವಾಸನೆ ಬಂದರೆ, ಒಳಗೆ ಇಲಿ ಸತ್ತಿದೆಯೆಂದು ಸಿಮೆಂಟು ಮೆತ್ತುವ ಮೊದಲು ದಯವಿಟ್ಟು ದೂರದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ. ಕೊಕ್ಕಿನಲ್ಲಿ ಹುಳು ಹಿಡಿದ ಗಂಡುಹಕ್ಕಿ ಅಲ್ಲಿಗೆ ಬರಬಹುದು.