ಗೋಡೆ ಪ್ಲಾಟರ್: ಅಡ್ಡಗೆರೆ ಯಾಕೆ ಜೋಲುತ್ತದೆ?

ಗೋಡೆ ಪ್ಲಾಟರ್ ಅಂದರೆ ಗೋಡೆಯ ಮೇಲೆ ಪೆನ್ನಿನಿಂದ ಚಿತ್ರ ಬರೆಯುವ ಯಂತ್ರ. ಗೋಡೆಯ ಮೇಲಿನ ಎರಡು ಮೂಲೆಗೆ ಒಂದೊಂದು ನೆಮಾ 17 ಅಳತೆಯ ಸ್ಟೆಪ್ಪರ್ ಮೋಟರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್. ಎರಡು ಬೆಲ್ಟಿಗೆ ಜೋತುಬಿದ್ದ ಪೆನ್ನಿನ ಹಿಡಿಕೆ. ಪೆನ್ನು ಎತ್ತಲು ಸಣ್ಣ ಸರ್ವೋ ಮೋಟರ್. ಜೋಡಣೆ ಇಷ್ಟೇ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ, ಪ್ರತಿ ಹೆಜ್ಜೆಯನ್ನೂ 16 ಸಣ್ಣ ಹೆಜ್ಜೆ (ಮೈಕ್ರೋಸ್ಟೆಪ್) ಮಾಡಿದರೆ 3200. ಮೋಟರಿಗೆ 20 ಹಲ್ಲಿನ ಪುಲ್ಲಿ (ಬೆಲ್ಟ್ ಎಳೆಯುವ ಗಾಲಿ), ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ. ಇರುವ ಜಿಟಿ2 ಬೆಲ್ಟ್ ಅಂದರೆ ಸುತ್ತಿಗೆ 40 ಮಿ.ಮೀ. ಹಾಗಾಗಿ ಮಿ.ಮೀ.ಗೆ 80 ಹೆಜ್ಜೆ.

ತಲೆ ತಿಂದಿದ್ದು ಅಡ್ಡಗೆರೆ. ಎರಡು ತುದಿಯೂ ಸರಿ ಜಾಗದಲ್ಲಿ, ನಡು ಮಾತ್ರ ಜೋಲು! ಬೆಲ್ಟ್ ಸಡಿಲ ಅನ್ನಿಸುತ್ತದೆ, ಅಲ್ವಾ? ಅಲ್ಲ. ಲೆಕ್ಕ ಹಾಕಿ ನೋಡಿ. ಮೋಟರುಗಳ ನಡುವೆ 1000 ಮಿ.ಮೀ., ಗೆರೆ 500 ಕೆಳಗೆ, ಎಡದಿಂದ 300ರಿಂದ 700ರವರೆಗೆ. ಶುರುವಿನಲ್ಲಿ ಎಡ ಬೆಲ್ಟ್ 583, ಬಲ ಬೆಲ್ಟ್ 860. ಕೊನೆಗೆ ಅದಲು ಬದಲು. ಎರಡೂ ಮೋಟರ್ ಒಂದೇ ವೇಗದಲ್ಲಿ ತಿರುಗಿದರೆ ಅರ್ಧ ದಾರಿಯಲ್ಲಿ ಎರಡೂ ಬೆಲ್ಟ್ 721.7 ಆಗುತ್ತವೆ. ಆದರೆ ಗೆರೆಯ ನಡುವಿಗೆ ಬೇಕಾದದ್ದು 707.1 ಮಾತ್ರ. ಹೆಚ್ಚಾದ ಬೆಲ್ಟ್ ಪೆನ್ನನ್ನು 20 ಮಿ.ಮೀ. ಕೆಳಗೆ ಬಿಡುತ್ತದೆ. ಬೆಲ್ಟಿನ ಉದ್ದ ವರ್ಗಮೂಲದ ಲೆಕ್ಕ, ಸಮನಾಗಿ ಬದಲಾಗುವುದಿಲ್ಲ. ಅದಕ್ಕೇ ಗೆರೆಯನ್ನು 1 ಮಿ.ಮೀ. ತುಂಡು ಮಾಡಿ, ಪ್ರತಿ ತುಂಡಿಗೂ ಎರಡು ಉದ್ದ ಹೊಸದಾಗಿ ಲೆಕ್ಕ ಹಾಕಿಸಬೇಕು.

ಆಮೇಲೂ ಬಾಗಿದರೆ ಪ್ರೋಗ್ರಾಮಿಗೆ ಕೊಟ್ಟ ಅಗಲ, ಅಂದರೆ ಮೋಟರುಗಳ ನಡುವಿನ ಅಂತರ, ತಪ್ಪಾಗಿದೆ. ಮೋಟರ್ ಡಬ್ಬಿಯ ಅಂಚಿನಿಂದ ಅಳೆಯಬೇಡಿ, ಬೆಲ್ಟ್ ಪುಲ್ಲಿ ಬಿಡುವ ಜಾಗದಿಂದ ಅಳೆಯಿರಿ. ಪ್ರೋಗ್ರಾಮಿಗೆ ಕೊಟ್ಟ ಅಗಲ ನಿಜಕ್ಕಿಂತ ಕಡಿಮೆಯಾದರೆ ನಡು ಮೇಲೆ ಉಬ್ಬುತ್ತದೆ, ಜಾಸ್ತಿಯಾದರೆ ಕೆಳಗೆ ಜೋಲುತ್ತದೆ. ಬಾಗು ನೋಡಿಯೇ ಯಾವ ಕಡೆ ತಿದ್ದಬೇಕು ಅಂತ ಗೊತ್ತಾಗುತ್ತದೆ.

ಪರೀಕ್ಷೆಗೆ ನಮ್ಮ ಬಾಗಲಕೋಟೆ ಕಡೆಯವರಿಗೆ ಕಸೂತಿಗಿಂತ ಒಳ್ಳೆಯದಿಲ್ಲ. ಇಳಕಲ್ ಸೀರೆಯ ಮೇಲೆ ಹಾಕುವ ಗೋಪುರ, ತೇರಿನ ಚಿತ್ತಾರಗಳಲ್ಲಿ ಎಲ್ಲ ನೇರ ಗೆರೆ, ಕಟ್ಟುನಿಟ್ಟಾದ ಅಂತರ. ಗವಂತಿಯ (ನೇರ ಗೆರೆಯ ಹೊಲಿಗೆ) ಗೆರೆ ಬಾಗಿದರೆ ಅಗಲ ತಿದ್ದಿ. ಮುರಗಿಯ (ಅಂಕುಡೊಂಕು ಹೊಲಿಗೆ) ಮೆಟ್ಟಿಲು ನಡುಗಿದರೆ ವೇಗ ಇಳಿಸಿ, ಹಿಡಿಕೆಗೆ ಒಂದೆರಡು ನಟ್ ಸೇರಿಸಿ ತೂಕ ಹೆಚ್ಚಿಸಿ.

ಮೋಟರುಗಳ ಸಮಕ್ಕೆ ತೀರ ಹತ್ತಿರ ಬರೆಯಬೇಡಿ. ಅಲ್ಲಿ ಬೆಲ್ಟಿನ ಎಳೆತ ವಿಪರೀತ, ಮೋಟರ್ ಹೆಜ್ಜೆ ತಪ್ಪುತ್ತದೆ. ಕರೆಂಟ್ ಹೋದರೆ ಹಿಡಿಕೆ ಸುಮ್ನೆ ಜಾರಿಬಿಡುತ್ತದೆ, ಜಾಗದ ಲೆಕ್ಕವೂ ಹೋಗುತ್ತದೆ. ಹಾಗಾಗಿ ಶುರುವಿನ ಜಾಗವನ್ನು ಪೆನ್ಸಿಲ್‌ನಿಂದ ಗುರುತು ಮಾಡಿಟ್ಟುಕೊಳ್ಳಿ. ಇನ್ನೊಂದು: ಪವರ್ ಇರುವಾಗ ಮೋಟರ್ ವೈರ್ ಕಿತ್ತರೆ ಡ್ರೈವರ್ (ಮೋಟರಿಗೆ ಕರೆಂಟ್ ಕೊಟ್ಟು ನಡೆಸುವ ಚಿಪ್) ಸುಟ್ಟುಹೋಗಬಹುದು.